ಮಹಡಿ ಮೇಲಿನ ಸೆಕೆಂಡ್ ಶಿಫ್ಟ್

ನಿನ್ನೆ ಬಣ್ಣ ಬಳಿಯಲು ಬಂದವನು ಮಹಡಿ ಮೇಲಿನ ರೂಮಿನ ಬಾಗಿಲು ತೆಗೆದು ನಿಂತವನೇ, ಇಲ್ಲಿ ಕೋಳಿ ಸಾಕಿದ್ರಾ ಎಂದು ಕೇಳಿದ. ತಪ್ಪು ಅವನದಲ್ಲ. ನಾಲ್ಕೂ ಗೋಡೆಗೆ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಅಂಟಿಸಿತ್ತು, ಸದ್ದು ಹೊರಗೆ ಹೋಗದಿರಲಿ ಎಂದು. ಮೊಟ್ಟೆಯ ಹೆಸರೆತ್ತಿದರೆ ಬಾಯಿ ತೊಳೆದುಕೊಳ್ಳುವ ಮನೆ ನಮ್ಮದು. ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಈ ತಟ್ಟೆಗಳು ಆಟೋದಿಂದ ಇಳಿದ ದಿನ ನಾನು ತಲೆ ಎತ್ತಿ ಓಡಾಡಿರಲಿಲ್ಲ. ನಿನ್ನೆ ಅವನು ಒಂದೊಂದಾಗಿ ಕಿತ್ತು ಹಾಕುತ್ತಿದ್ದರೆ ನಾನೇ ಆರಿಸಿ ಪೇರಿಸುತ್ತ ಕೂತೆ.

ಅಂಟಿಸಿದವರು ಇಬ್ಬರು: ಗುಬ್ಬಿಯ ಮಂಜ, ಕುಣಿಗಲ್ ಕಡೆಯ ಸಿದ್ದು. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ, ತಗಡಿಗೆ ಅಚ್ಚು ಒತ್ತುವ ಪ್ರೆಸ್ಸಿನ ಮುಂದೆ ಅಕ್ಕಪಕ್ಕ ನಿಂತು ಸ್ನೇಹಿತರಾದವರು. ಕೆಲಸ ಮಧ್ಯಾಹ್ನದ ಮೇಲೆ. ಬೆಳಗ್ಗೆಯೆಲ್ಲ ನಮ್ಮ ಮಹಡಿಯಲ್ಲಿ ಕೂತು ಹಿಪ್-ಹಾಪ್ ಹಾಡುಗಳಿಗೆ ಬೀಟ್ ಕಟ್ಟುವುದು. ಹಾಡುವವರು ಬೇರೆ, ಇವರದು ಮಾತಿನ ಕೆಳಗೆ ಓಡುವ ಸದ್ದು ಅಷ್ಟೆ. ತಮ್ಮ ಜೋಡಿಗೆ ಸೆಕೆಂಡ್ ಶಿಫ್ಟ್ ಎಂದು ಹೆಸರಿಟ್ಟುಕೊಂಡಿದ್ದರು. ನಾನು ಪೂಜೆಗೆ ಕೂತರೆ ಮೇಲಿಂದ ದಬ್ ದಬ್. ಮೊದಲ ತಿಂಗಳು, ಇವರನ್ನು ಖಾಲಿ ಮಾಡಿಸಿ ಎಂದು ಯಜಮಾನರ ತಲೆ ತಿಂದೆ. ಎರಡನೆಯ ತಿಂಗಳು ಒಗ್ಗರಣೆ ಹಾಕುವಾಗ ನನ್ನ ಸೌಟೂ ಅದೇ ತಾಳಕ್ಕೆ ಆಡುತ್ತಿತ್ತು. ನೀವು ನಗಬಹುದು, ಯಜಮಾನರೂ ನಕ್ಕರು.

ಊರೂರು ಅಲೆದು ಸದ್ದು ಹಿಡಿದು ತರುವ ಕೆಲಸ ಸಿದ್ದುವಿನದು. ಗುಬ್ಬಿಯಲ್ಲಿ ಕೊಬ್ಬರಿ ಸುರಿಯುವುದು, ಯಡಿಯೂರು ದೇವಸ್ಥಾನದಲ್ಲಿ ಊಟದ ತಟ್ಟೆ ಪೇರಿಸುವುದು, ಎಲ್ಲ ಅವನ ಫೋನಿನಲ್ಲಿತ್ತು. ಒಂದು ದಿನ ನಾನು ಮುದ್ದೆ ತಿರುವುವ ಸದ್ದು ಬೇಕೆಂದ. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೂ ಮುಡಿದು ಒಲೆ ಮುಂದೆ ನಿಂತೆ. ಸದ್ದು ಹಿಡಿಯುವುದಕ್ಕೆ ಹೂವು ಯಾತಕ್ಕೆ ಎಂದು ಯಜಮಾನರು ಕೇಳಿದ ಮೇಲೆ ನನಗೆ ಹೊಳೆಯಿತು.

ತಂದದ್ದನ್ನೆಲ್ಲ ಜೋಡಿಸುವವನು ಮಂಜ. ಪ್ರೆಸ್ಸು ಕೆಳಗೆ ಬೀಳುವ ಮುನ್ನ ಉಸಿರು ಹಿಡಿದಂತೆ ಒಂದು ಗಳಿಗೆ ನಿಲ್ಲುತ್ತದಂತೆ. ಆ ನಿಲುಗಡೆಯನ್ನು ತನ್ನ ಪ್ರತಿ ಬೀಟಿನಲ್ಲೂ ತಂದಿದ್ದ. ಅದನ್ನು ಚೆನ್ನಾಗಿ ಕೇಳಿಸಿಕೊಳ್ಳಬೇಕೆಂದು, ಕಾರ್ಖಾನೆಯವರು ಕೊಟ್ಟ ಇಯರ್ ಪ್ಲಗ್ಗನ್ನು ಜೇಬಿಗೆ ಹಾಕಿಕೊಂಡು ಬರಿಗಿವಿಯಲ್ಲಿ ಕೆಲಸ ಮಾಡುತ್ತಿದ್ದ. ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದ, ನಾವೂ ಹೆಮ್ಮೆಯಿಂದ ಕೇಳುತ್ತಿದ್ದೆವು.

ಬರಬರುತ್ತ ಅವರ ಬೀಟುಗಳಲ್ಲಿ ಒಂದು ಚೂಪು ಸದ್ದು ಏರತೊಡಗಿತು. ಸಣ್ಣ ತಾಳ ತಟ್ಟಿದಂಥ ಚಿಣ್ ಚಿಣ್. ಸ್ಟೀಲ್ ತಟ್ಟೆಗೆ ಚಮಚ ಗೀರಿದ ಹಾಗೆ ನನಗೆ ಹಲ್ಲು ಜುಮ್ಮೆನ್ನುತ್ತಿತ್ತು. ಜನಕ್ಕೆ ಅದೇ ಹಿಡಿಸಿತು. ಬೆಂಗಳೂರಿನಿಂದ ರ‍್ಯಾಪ್ ಹಾಡುವವರು ಹುಡುಕಿಕೊಂಡು ಬಂದು, ಆ ಚಿಣ್ ಇರುವ ಬೀಟೇ ಬೇಕು ಎಂದರು. ತುಮಕೂರಿನ ಆಟೋಗಳಲ್ಲಿ ಅದೇ, ಕಾಲೇಜು ಫಂಕ್ಷನ್ನುಗಳಲ್ಲೂ ಅದೇ. ಬಸ್ಸಿನಲ್ಲಿ ಯಾರದೋ ಫೋನಿನಿಂದ ಕೇಳಿ, ಇದು ನಮ್ಮ ಮಹಡಿ ಮೇಲಿನದು ಎಂದು ಪಕ್ಕದ ಸೀಟಿನವಳಿಗೆ ಹೇಳಿ ಬೀಗಿದವಳು ನಾನೇ.

ಆ ದಿನಗಳಲ್ಲೇ, ನಾನು ಕೆಳಗಿನಿಂದ ಕೂಗಿದರೆ ಮಂಜ ಓಗೊಡುವುದನ್ನು ಬಿಟ್ಟ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ ಎಂದು ಗೊಣಗಿ, ಮೇಲಕ್ಕೆ ತಿಂಡಿ ಕಳಿಸುವುದನ್ನು ನಿಲ್ಲಿಸಿದೆ. ಒಂದು ಬೆಳಗ್ಗೆ ಬಟ್ಟೆ ಒಣಗಿಸಲು ಹೋದಾಗ ಮಂಜ ತಾರಸಿಯಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದ. ಪಕ್ಕದಲ್ಲೇ ಅವನ ಫೋನು ಕೀಚಲು ದನಿಯಲ್ಲಿ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅವನು ಅತ್ತ ನೋಡಲೂ ಇಲ್ಲ. ನಾನು ಬಕೆಟ್ಟನ್ನು ದೊಪ್ಪನೆ ಕುಕ್ಕಿದೆ. ಆಗ ಬೆಚ್ಚಿ ತಿರುಗಿ, ಏನೂ ಆಗದವನಂತೆ ನಕ್ಕ.

ಮೆಟ್ಟಿಲ ಮೇಲೆ ಸಿದ್ದುವನ್ನು ತಡೆದು ಕೇಳಿದೆ. ಅವನು ಗೋಡೆ ನೋಡುತ್ತ ಹೇಳಿದ: "ಸಣ್ಣ ಸದ್ದು ಅವ್ನಿಗೆ ಕೇಳ್ಸಲ್ಲ ಆಂಟಿ. ಅದ್ಕೇ ಆ ಚಿಣ್ಣನ್ನ ತನಗೆ ಕೇಳ್ಸೋವರ್ಗೂ ಏರಿಸ್ತಾನೆ. ಜನ ಅದ್ನೇ ನಮ್ ಸೌಂಡು ಅಂತವ್ರೆ. ಈಗ ಹೆಂಗ್ ಹೇಳ್ಲಿ ನಾನು?"

ದೊಡ್ಡ ಹಾಡೊಂದು ಕೈಗೆ ಬಂದಿದೆ, ಅದು ಮುಗಿಯುವವರೆಗೆ ನೀವೂ ಸುಮ್ಮನಿರಿ ಎಂದ. ನಾನು ತಲೆಯಾಡಿಸಿದೆ.

ಆ ಹಾಡು ಮುಗಿದು ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಮಂಜ ಎದುರಿಗಿದ್ದಾಗಲೇ ಸಣ್ಣ ದನಿಯಲ್ಲಿ ಅವನ ವಿಷಯ ಆಡುವುದು ನನಗೂ ಸಿದ್ದುವಿಗೂ ರೂಢಿಯಾಯಿತು. ದಿನಾ ಮಧ್ಯಾಹ್ನ ಮಂಜ ಗೇಟು ದಾಟಿ ಅದೇ ಪ್ರೆಸ್ಸಿಗೆ ಹೊರಡುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಕಿವಿ ಮುಚ್ಚಿಕೊಳ್ಳೋ ಎಂಬ ಒಂದು ಮಾತು ಸಾಕಿತ್ತು. ಊರೆಲ್ಲ ಹೊಗಳುವುದು ತನ್ನ ಊನವನ್ನೇ ಎಂದು ಗೊತ್ತಾದರೆ ಅವನು ಕುಗ್ಗಿಹೋದಾನು, ಜೋಡಿ ಮುರಿದೀತು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಲೇ? ಬಸ್ಸಿನಲ್ಲಿ ಬೀಗುವ ಸುಖ ನನಗೂ ಬೇಕಾಗಿತ್ತು. ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಕೊನೆಗೆ ಕಾರ್ಖಾನೆಯಲ್ಲಿ ಎಲ್ಲರ ಕಿವಿ ಪರೀಕ್ಷೆ ಮಾಡಿಸಿದಾಗ ಅವನಿಗೆ ತಿಳಿಯಿತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೋ ಎಂದರಂತೆ ಡಾಕ್ಟರು. ಪ್ರೆಸ್ಸು ಬಿಡಿಸಿ ಸ್ಟೋರಿಗೆ ಹಾಕಿದರು. ಮಂಜ ರೂಮು ಬಿಟ್ಟು ಗುಬ್ಬಿಯಿಂದಲೇ ಓಡಾಡತೊಡಗಿದ. ಸಿದ್ದು ಕೆಲವು ದಿನ ಒಬ್ಬನೇ ಬೀಟ್ ಕಟ್ಟಲು ಕೂತ. ಆ ನಿಲುಗಡೆ ಅವನ ಕೈಗೆ ಬರಲಿಲ್ಲ. ಅವನೂ ಬೀಗ ಹಾಕಿ ಹೋಗಿ ಎರಡು ವರ್ಷವಾಯಿತು.

ಬಣ್ಣ ಬಳಿಸುತ್ತೇನೆ, ನಿಮ್ಮ ಸಾಮಾನು ನೋಡಿಕೊಳ್ಳಿ ಎಂದು ಫೋನ್ ಮಾಡಿದ್ದೆ. ನಿನ್ನೆ ಅರ್ಧ ಗೋಡೆ ಬೋಳಾಗಿದ್ದಾಗ ಇಬ್ಬರೂ ಒಂದೇ ಬೈಕಿನಲ್ಲಿ ಬಂದರು. ಮಂಜನ ಕಿವಿಯ ಹಿಂದೆ ಪುಟ್ಟ ಮಷೀನು. ಹಾಕಿಸಿಕೊಂಡು ಇನ್ನೂ ವಾರವಾಗಿಲ್ಲವಂತೆ. ಮೂಲೆಯಲ್ಲಿದ್ದ ಸ್ಪೀಕರ್ ಸರಿಯಿದೆಯೋ ಇಲ್ಲವೋ ಎಂದು ಸಿದ್ದು ಅವರಿಗೆ ಹೆಸರು ತಂದ ಬೀಟನ್ನೇ ಹಾಕಿದ. ಮೊದಲ ಚಿಣ್ಣಿಗೇ ಮಂಜ ಮುಖ ಕಿವುಚಿ ಕಿವಿಗೆ ಕೈ ಅಡ್ಡ ಹಿಡಿದ. ಆಮೇಲೆ ಕೈ ತೆಗೆದು ಕೊನೆಯವರೆಗೂ ಕೇಳಿದ. ತಾನೇ ಕಟ್ಟಿದ್ದನ್ನು ಉಳಿದವರ ಕಿವಿಯಿಂದ ಅವನು ಕೇಳಿದ್ದು ಅದೇ ಮೊದಲು.

"ಇಷ್ಟ್ ದಿನ ನಿಮ್ಗೆಲ್ಲ ಹಿಂಗೇ ಚುಚ್ತಿತ್ತಾ?" ಎಂದ. "ಒಬ್ರಾದ್ರೂ ಹೇಳ್ಬಾರ್ದಿತ್ತಾ?"

ಸಿದ್ದು ಸ್ಪೀಕರಿನ ವೈರು ಸುತ್ತತೊಡಗಿದ. ಅವನು ಗುಬ್ಬಿಗೆ ಹೋಗಿ ತನಗೆ ಗೊತ್ತಿದ್ದದ್ದನ್ನು ಮೊದಲೇ ಹೇಳಿಕೊಂಡಿದ್ದನೆಂದು ತೋರುತ್ತದೆ, ಮಂಜ ಅವನತ್ತ ನೋಡಲೂ ಇಲ್ಲ. ನೋಡುತ್ತಿದ್ದದ್ದು ನನ್ನನ್ನು. ನಾನು ಬಾಗಿಲ ಕಡೆ ತಿರುಗಿದೆ. ಇವನಿಗೆ ಕೇಳಿಸದು ಎಂಬ ಧೈರ್ಯದಲ್ಲಿ ಅವನ ಮುಂದೆಯೇ ಅವನ ವಿಷಯ ಆಡುತ್ತಿದ್ದ ಕಾಲದ ಆ ಸಣ್ಣ ದನಿಯಲ್ಲೇ, "ನಂಗೂ ಗೊತ್ತಿತ್ತು ಕಣಪ್ಪ" ಎಂದೆ.

ಹಿಂದಿನಿಂದ ಮಂಜ ಮೆಲ್ಲಗೆ ಹೇಳಿದ: "ಕೇಳುಸ್ತು, ಆಂಟಿ."