ಅಂಟಿನೊಳಗಿನ ನಂಟು

ನಮ್ಮಕ್ಕನಿಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಅಂಥವಳು ಕೂತು ಮಾಡುವ ಕೆಲಸವನ್ನೇ ಯಾಕೆ ಹಿಡಿದಳೋ ತಿಳಿಯದು. ವಸ್ತುಸಂಗ್ರಹಾಲಯದ ಹಿಂಬದಿಯ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಮಾಡಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿಕೊಂಡು ಅವಳು ಅಂಬರಿನೊಳಗಿನ ಇರುವೆಗಳನ್ನು ನೋಡುತ್ತಾಳೆ. ಕಣ್ಣು ಅಲ್ಲಾಡುವುದಿಲ್ಲ. ಮೇಜಿನ ಕೆಳಗೆ ಕಾಲು ಮಾತ್ರ ಹೊಲಿಗೆ ಯಂತ್ರ ತುಳಿಯುವ ಹಾಗೆ ಒಂದೇ ಸಮ ಕುಣಿಯುತ್ತಿರುತ್ತದೆ. ಮನೆಯ ಮಕ್ಕಳಿಗೆ ಅವಳು ಆಂಟಿ. ಇಂಗ್ಲಿಷಿನಲ್ಲಿ ಇರುವೆಗೂ ಅತ್ತೆಗೂ ಅಷ್ಟೇನೂ ದೂರವಿಲ್ಲವಾದ್ದರಿಂದ ಯಾರದೂ ತಕರಾರಿಲ್ಲ.

ಅಂಬರ್ ಎಂದರೆ ಆಕಾಶವಲ್ಲ, ಅಂಟು. ಕೋಟಿಗಟ್ಟಲೆ ವರ್ಷಗಳ ಹಿಂದೆ ಯಾವುದೋ ಮರ ಸುರಿಸಿದ ಅಂಟು ಮಣ್ಣಿನಡಿ ಸೇರಿ ಜೇನುಬಣ್ಣದ ಕಲ್ಲಾದದ್ದು. ಆ ಹೊತ್ತಿಗೆ ಮರ ಹತ್ತುತ್ತಿದ್ದ ಇರುವೆ ಸಿಕ್ಕಿಬಿದ್ದರೆ ಮೈಮೇಲಿನ ರೋಮದ ಸಮೇತ ಹಾಗೇ ಉಳಿಯುತ್ತದೆ. ಅದು ಯಾರ ಪೈಕಿ ಎಂದು ಹೇಳುವುದು ಅಕ್ಕನ ಕೆಲಸ. ಮದುವೆಮನೆಯಲ್ಲಿ ಹೊಸ ಮುಖ ಕಂಡರೆ ಸಾಕು, ಹಿಡಿದು ಕೂರಿಸಿ "ನೀವು ಯಾರ ಕಡೆಯವರು?" ಎಂದು ಕೇಳುವ ದೊಡ್ಡಮ್ಮಂದಿರಿದ್ದಾರಲ್ಲ, ಹೆಚ್ಚುಕಡಿಮೆ ಅದೇ ಉದ್ಯೋಗ. ಉತ್ತರ ಹೇಳಬೇಕಾದವರು ಮಾತ್ರ ಹತ್ತು ಕೋಟಿ ವರ್ಷದಿಂದ ತುಟಿ ಬಿಚ್ಚಿಲ್ಲ. ಮೀಸೆ ಮೊಣಕೈಯಂತೆ ಮಡಚಿದೆಯೇ, ಸೊಂಟದಲ್ಲಿ ಗಂಟಿದೆಯೇ, ಹಿಂಗಾಲಿನ ಬುಡದ ಮೇಲ್ಗಡೆ ಗ್ರಂಥಿಯ ಪುಟ್ಟ ಬಾಯಿ ಇದೆಯೇ, ಇಂಥವನ್ನು ನೋಡಿ ನಂಟು ಹೇಳಬೇಕು. ಇರುವೆಗಳು ಕಣಜದ ಹುಳುಗಳ ವಂಶದಿಂದ ಕವಲೊಡೆದವು ಎಂಬುದರಲ್ಲಿ ಆ ವಿದ್ವಾಂಸರಿಗೆ ಜಗಳವಿಲ್ಲ. ಯಾವ ಮೆಟ್ಟಿಲು ಹತ್ತಿ ಬಂದವು ಎಂಬುದರಲ್ಲಿ ಮಾತ್ರ ಮಾತುಕತೆ ನಿಂತ ಮನೆಗಳಿವೆ.

ಅಂಥ ಒಂದು ಮೆಟ್ಟಿಲನ್ನು ಅಕ್ಕ ಬಹಳ ಹಿಂದೆಯೇ ಕಂಡುಹಿಡಿದಿದ್ದಳು. ಉಗುರಿನಷ್ಟು ದೊಡ್ಡ ಅಂಬರಿನ ಚೂರು. ಒಳಗಿದ್ದ ಹುಳುವಿನ ತಲೆ ಅಪ್ಪಟ ಇರುವೆಯದು, ಮೈ ಅಪ್ಪಟ ಕಣಜದ್ದು. ಅಕ್ಕ ಅದಕ್ಕೆ ಅಮ್ಮನ ಹೆಸರಿಗೆ ಲ್ಯಾಟಿನ್ ಬಾಲ ಅಂಟಿಸಿ ನಾಮಕರಣ ಮಾಡಿದಳು. ಪುಸ್ತಕಗಳಲ್ಲಿ ಚಿತ್ರ ಬಂತು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತಳಾದವಳು, ಅಕ್ಕನ ಜೊತೆಗೇ ಇದ್ದಾಳೆ. ಚಿತ್ರಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ನೇತುಹಾಕಿ, ನಲ್ಲಿ ರಿಪೇರಿಗೆ ಬಂದವನಿಗೂ ತೋರಿಸುತ್ತಾಳೆ: "ಇದು ನಾನು. ಎಲ್ಲಾ ಇರುವೆಗಳ ಮುತ್ತಜ್ಜಿ."

ಈ ಸಂಭ್ರಮಕ್ಕೆ ಕಲ್ಲು ಹಾಕಿದವಳು ಪಕ್ಕದ ಕೋಣೆಯ ಮರದವಳು. ಬಡಗಿಯಲ್ಲ, ಕಂಪ್ಯೂಟರಿನಲ್ಲಿ ವಂಶವೃಕ್ಷ ಕಟ್ಟುವ ಸಹೋದ್ಯೋಗಿ. ಇರುವೆ, ಕಣಜಗಳ ಲಕ್ಷಣಗಳನ್ನೆಲ್ಲ ಅವಳು ಯಂತ್ರಕ್ಕೆ ಉಣಿಸಿದರೆ, ಯಾರು ಯಾರಿಗೆ ಹತ್ತಿರವೆಂದು ಯಂತ್ರ ಕೊಂಬೆ ಬಿಡಿಸಿ ತೋರಿಸುತ್ತದೆ. ಒಂದು ಮಧ್ಯಾಹ್ನ ಅವಳು ಬಾಗಿಲಿಗೆ ಒರಗಿ ನಿಂತಳು.

"ಮೇಡಂ, ನಿಮ್ಮಮ್ಮ ಒಂದು ಕಡೆ ಕೂರ್ತಿಲ್ಲ."

"ಯಾಕೆ, ಮನೇಲಿ ಕೂತಿದ್ದಾರಲ್ಲ?"

"ಆ ಅಮ್ಮ ಅಲ್ಲ, ಈ ಅಮ್ಮ. ಒಂದ್ಸಲ ಲೆಕ್ಕ ಹಾಕಿದ್ರೆ ಇರುವೆ ಕೊಂಬೇಲಿ ಇರ್ತಾರೆ, ಇನ್ನೊಂದ್ಸಲ ಹಾಕಿದ್ರೆ ಕಣಜದ ಕೊಂಬೆಗೆ ನೆಗೆದಿರ್ತಾರೆ. ಬೇರೆ ಹುಳ ಎಲ್ಲಾ ತೆಪ್ಪಗೆ ಕೂತಿವೆ."

"ನಡುವಿನ ಮೆಟ್ಟಿಲು ಅಂದ್ಮೇಲೆ ಎರಡೂ ಕಡೆ ಎಳೆದಾಟ ಇದ್ದದ್ದೇ ಕಣೇ."

"ನಡುವಿನದಾದ್ರೆ ನಡುವೆ ಕೂರ್ಬೇಕಲ್ವಾ ಮೇಡಂ? ಇದು ನಡುವೆ ಒಂದ್ಸಲಾನೂ ಕೂತಿಲ್ಲ. ಬೇಜಾರು ಮಾಡ್ಕೋಬೇಡಿ... ಇದರ ಕುತ್ತಿಗೆ ನೋಡಿದ್ದೀರಾ?"

ಮೇಜಿನ ಕೆಳಗೆ ಕಾಲು ನಿಂತಿತು.

ಕುತ್ತಿಗೆಯನ್ನು ಅಕ್ಕ ನೋಡಿರಲಿಲ್ಲ. ತಲೆಯೂ ಮೈಯೂ ಕೂಡುವ ಜಾಗದಲ್ಲಿ ಹಾಲಿನ ಕೆನೆಯಂಥ ಬಿಳಿ ಪೊರೆ ಕವಿದಿತ್ತು. ಅಂಟಿನೊಳಗೆ ಹುಳು ಕೊಳೆಯುವಾಗ ಏಳುವ ಗುಳ್ಳೆಗಳು ಹಾಗೆ ಕಟ್ಟುತ್ತವಂತೆ. ಚಿತ್ರ ಬರೆಯುವಾಗ ಅಕ್ಕ ಅಲ್ಲಿ ಚುಕ್ಕಿಗೆರೆ ಹಾಕಿದ್ದಳು. ಇಷ್ಟು ನನ್ನ ಊಹೆ ಎಂದು ಹೇಳುವುದಕ್ಕೆ ಅವರಲ್ಲಿ ಹಾಗೇ ರೂಢಿ. ಆಮೇಲೆ ಪುಸ್ತಕ ಬರೆದವರು ಅದನ್ನು ನೋಡಿ ಬರೆದರು, ಅವರನ್ನು ನೋಡಿ ಇನ್ನೊಬ್ಬರು. ಹೋಗ್ತಾ ಹೋಗ್ತಾ ಚುಕ್ಕಿಗಳು ಒತ್ತೊತ್ತಾಗಿ ಗೆರೆಯಾದವು. ಆ ಪುಸ್ತಕಗಳನ್ನೇ ನೋಡಿ ನೋಡಿ ಅಕ್ಕನೂ ಅದು ಗೆರೆಯೆಂದೇ ನಂಬಿಬಿಟ್ಟಿದ್ದಳು.

ಕುತ್ತಿಗೆ ಕಾಣಬೇಕಾದರೆ ಚೂರಿನ ಇನ್ನೊಂದು ಬದಿಯಿಂದ ಉಜ್ಜಿ ತೆಳುಮಾಡಬೇಕು. ಆ ಬದಿಯಲ್ಲಿ ಬಿರುಕು. ಕೈ ತಪ್ಪಿದರೆ ಅಮ್ಮ ಎರಡು ಹೋಳು.

ಅಲ್ಲಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅಕ್ಕ ಚಮಚದ ಡಬ್ಬಿ ಸುರಿದು ಜೋಡಿಸಿದಳು, ಮತ್ತೆ ಸುರಿದಳು. ಊಟದ ನಡುವೆ ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬಂದಳು. ಭಾವ ಹಲ್ಲಿನ ಡಾಕ್ಟರು, ಬಾಯಿ ತೆರೆದು ಕೂತವರ ಜೊತೆಗೇ ಬಾಳಿದವರು. ತಾಳ್ಮೆ ಹೆಚ್ಚು.

"ನೋವಿದ್ರೆ ತೆರೆದು ನೋಡೋದೇ ಒಳ್ಳೇದು ಕಣೆ," ಎಂದರು.

"ಬಿರುಕಿದೆ ಅಂತ ಹೇಳಿದ್ನಲ್ಲ!"

"ಬಿರುಕಿಗೆ ಹೆದರ್ತಿದ್ದೀಯೋ, ಒಳಗೇನಿದೆಯೋ ಅಂತ ಹೆದರ್ತಿದ್ದೀಯೋ?"

ಅಕ್ಕ ಎದ್ದು ಚಿಲಕ ನೋಡಲು ಹೋದಳು.

ಮರುದಿನ ನನಗೆ ಫೋನು. "ಲೋ, ನೀನು ಮ್ಯೂಸಿಯಮ್ಮಿಗೆ ಬಾ. ಸುಮ್ನೆ ಪಕ್ಕದಲ್ಲಿ ಕೂತಿರು. ನಿಮ್ಮ ಭಾವ ಬಂದ್ರೆ ಸಲಹೆ ಕೊಡ್ತಾರೆ. ನಿಂಗೆ ಏನೂ ಗೊತ್ತಿಲ್ಲ, ಅದೇ ಚೆಂದ."

ನಾನು ಹೋಗುವ ಹೊತ್ತಿಗೆ ಬಿರುಕಿಗೆ ತೆಳ್ಳನೆಯ ಗೋಂದು ಇಳಿಸಿ ಒಣಗಿಸಿದ್ದಾಗಿತ್ತು. ಗಾಜಿನ ಹಲಗೆಯ ಮೇಲೆ ಒದ್ದೆ ಉಜ್ಜುಕಾಗದ. ಅಕ್ಕ ಚೂರನ್ನು ಬೆರಳ ತುದಿಯಲ್ಲಿ ಒತ್ತಿ ನಾಕು ಸಲ ಉಜ್ಜುವಳು, ಒರೆಸುವಳು, ಸೂಕ್ಷ್ಮದರ್ಶಕದ ಕೆಳಗಿಡುವಳು, ಇಣುಕುವಳು, ಏಳುವಳು, ಕಿಟಕಿಯವರೆಗೆ ಹೋಗಿ ಬರುವಳು. ಮತ್ತೆ ಉಜ್ಜು, ಒರೆಸು, ಇಣುಕು. ಕೊನೆಗೆ ಭಾವನ ಆಸ್ಪತ್ರೆಯಿಂದ ಹೇಳದೆ ತಂದ, ಹಲ್ಲಿಗೆ ಹೊಳಪು ಕೊಡುವ ಪುಡಿಯಿಂದ ಒಂದು ಸುತ್ತು. ನಾನು ಉಸಿರು ಬಿಟ್ಟರೂ "ಶ್!" ಎನ್ನುತ್ತಿದ್ದಳು.

ಒಮ್ಮೆ ಇಣುಕಿದವಳು ಏಳಲಿಲ್ಲ.

"ಬಾ, ನೋಡು."

ನೋಡಿದೆ. ನನಗೆ ಮೊದಲು ಕಂಡದ್ದು ಜೇನಿನೊಳಗಿನ ಕಸ.

"ಏನು ಕಾಣುತ್ತೆ?"

"ಎರಡು ತಲೆ ಇದ್ದ ಹಾಗಿದೆಯಲ್ಲೇ."

"ಹೂಂ," ಎಂದಳು ಅಕ್ಕ. "ಇದ್ದ ಹಾಗಲ್ಲ. ಎರಡಿವೆ."

ಪೊರೆಯ ಹಿಂದೆ, ಎದೆಗೆ ಗಲ್ಲ ಊರಿ ಮುದುಡಿಕೊಂಡಿತ್ತು ಕಣಜದ ಸ್ವಂತ ತಲೆ, ಸ್ವಂತ ಕುತ್ತಿಗೆಯ ಮೇಲೆ. ಅದರ ಮುಂದೆ, ಕೂದಲೆಳೆಯಷ್ಟು ಜಾಗ ಬಿಟ್ಟು, ಯಾವುದೋ ಇರುವೆಯ ಕಿತ್ತುಬಂದ ತಲೆ. ಮೊದಲಿನ ಬದಿಯಿಂದ ನೋಡಿದವರಿಗೆ ಒಂದೇ ಹುಳು. ಕರೆಸಿಕೊಂಡ ಮರದವಳು ಇಣುಕಿ ನೋಡಿ ನೇರ ತನ್ನ ಕೋಣೆಗೆ ಹೋದಳು. ಎರಡನ್ನೂ ಬೇರೆ ಬೇರೆ ಮಾಡಿ ಯಂತ್ರಕ್ಕೆ ಕೊಟ್ಟು ಬಂದು ಮೆಲ್ಲಗೆ ಹೇಳಿದಳು, "ಇಬ್ರೂ ಕೂತ್ರು ಮೇಡಂ."

ಅಕ್ಕನಿಗೆ ಮಾತ್ರ ಕೂರಲಾಗಲಿಲ್ಲ. ತಪ್ಪೊಪ್ಪಿಗೆಯನ್ನು ತಾನೇ ಅಚ್ಚು ಹಾಕಿಸಬೇಕು, ಅದು ಆಗುವ ಕೆಲಸ. ಅಮ್ಮನಿಗೆ ಹೇಳುವುದು ಹೇಗೆ? ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದಳು. ಮನೆಯಲ್ಲಿ ಅಮ್ಮ ಚಿತ್ರದ ಕೆಳಗೇ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಏನೇ ಅದು, ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀಯ?"

"ಅಮ್ಮ, ಅದು ಇರುವೆ ಅಲ್ಲ."

"ಯಾವುದು?"

"ನೀನು."

ಅಮ್ಮ ಎಣ್ಣೆಗೈಯನ್ನು ಹಾಗೇ ಎತ್ತಿ ಹಿಡಿದಳು. ಅಕ್ಕ ಒಂದೇ ಉಸಿರಿಗೆ ಹೇಳಿ ಮುಗಿಸಿದಳು: ತಲೆ ಒಬ್ಬರದು, ಮೈ ಇನ್ನೊಬ್ಬರದು, ಒಂದೇ ಅಂಟಿನಲ್ಲಿ ಒತ್ತಿಕೊಂಡು ಸತ್ತಿದ್ದವು, ನಾನು ಜೋಡಿಸಿಬಿಟ್ಟೆ.

ಅಮ್ಮ ಚಿತ್ರವನ್ನೊಮ್ಮೆ ನೋಡಿದಳು, ಮಗಳನ್ನೊಮ್ಮೆ.

"ಅಂದ್ರೆ ರಾಂಗ್ ಕನೆಕ್ಷನ್ನು."

"ಹೂಂನಮ್ಮ."

"ಇಷ್ಟು ವರ್ಷ ಲೈನಲ್ಲಿ ಇಟ್ಟಿದ್ಯಲ್ಲೇ ಪಾಪ! ನಾನೇನಾದ್ರೂ ಹೀಗೆ ಮಾಡಿದ್ರೆ ನಮ್ಮ ಸೂಪರ್‌ವೈಸರ್ ಕಿವಿ ಹಿಂಡಿ ಮನೆಗೆ ಕಳಿಸ್ತಿದ್ಲು."

ಭಾವ ನಕ್ಕುಬಿಟ್ಟರು. ಅಕ್ಕ ನಗಲಿಲ್ಲ, ಆದರೆ ಕೂತಳು, ನೆಲದ ಮೇಲೆಯೇ. ಇನ್ನೂ ಒಂದು ಪೇಚಿತ್ತು. ಹೆಸರಿಡುವವರ ನಿಯಮದಂತೆ, ಇಟ್ಟ ಹೆಸರು ಎರಡರಲ್ಲಿ ಒಂದಕ್ಕೆ ಉಳಿಯಬೇಕು, ಯಾವುದಕ್ಕೆಂದು ಅಕ್ಕನೇ ಆರಿಸಬೇಕು. ತಲೆಗೆ ಕೊಟ್ಟರೆ ಅಮ್ಮ ಇರುವೆಯಾಗಿಯೇ ಉಳಿಯುತ್ತಾಳೆ, ಅಕ್ಕನ ಮಾನವೂ ಚೂರುಪಾರು ಉಳಿಯುತ್ತದೆ. ಆದರೆ ಬರೀ ತಲೆಯಿಂದ ಯಾರ ಪೈಕಿ ಎಂದು ಖಚಿತವಾಗಿ ಹೇಳಲಾಗದು. ಮೈಗೆ ಕೊಟ್ಟರೆ ಹುಳು ಇಡಿಯಾಗಿದೆ, ಹೊಸದೂ ಹೌದು. ಇರುವೆಯವಳು ಎನಿಸಿಕೊಂಡ ಅಕ್ಕ ಮಾತ್ರ ಕೊನೆಗೂ ಹೆಸರಿಟ್ಟದ್ದು ಕಣಜಕ್ಕೆ ಎಂದಾಗುತ್ತದೆ.

"ತಲೆ ತಗೊಳ್ಳಿ ಅತ್ತೆ," ಎಂದರು ಭಾವ. "ಈ ಮನೇಲಿ ತಲೆ ಇರೋದು ನಿಮಗೊಬ್ಬರಿಗೇ."

"ಮೈ ಇಲ್ದೆ ತಲೆ ತಗೊಂಡು ಗೋಡೆಗೆ ಮೊಳೆ ಹೊಡೀಲೇನು? ಕಣಜಾನೇ ಇರ್ಲಿ. ರೆಕ್ಕೆ ಇದೆಯೇನೇ ಅದಕ್ಕೆ?"

"ಇದೆ."

"ಕೊಂಡಿ?"

"ಅದೂ ಇದೆ."

"ಮತ್ತಿನ್ನೇನು! ಸಾಲಲ್ಲಿ ನಿಂತು ನಿಂತು ನಂಗೂ ಸಾಕಾಗಿದೆ. ಹಾಗೇ ಬರೆದು ಕಳಿಸು, ಒಂದಕ್ಷರ ಮುಚ್ಚಿಡದೆ."

ಅಕ್ಕ ಮೂಗು ಒರೆಸಿಕೊಂಡು ತಲೆಯಾಡಿಸಿದಳು. ಅಮ್ಮ ಎಣ್ಣೆ ಬಟ್ಟಲನ್ನು ಬದಿಗೆ ಸರಿಸಿ ಗೋಡೆಯ ಕಡೆ ಕತ್ತೆತ್ತಿದಳು.

"ಹಾಗಾದ್ರೆ ಆ ತಲೆ ಯಾರ್ದು?"

"ಗೊತ್ತಿಲ್ಲಮ್ಮ. ದವಡೆ ಸ್ವಲ್ಪ ವಿಚಿತ್ರವಾಗಿದೆ. ಅದರ ಮೈ ಆ ಅಂಬರ್ ಸಿಕ್ಕ ಗಣಿಯ ಬೇರೆ ಚೂರುಗಳಲ್ಲಿ ಎಲ್ಲಾದ್ರೂ..."

ಮಾತು ಅಲ್ಲಿಗೇ ನಿಂತಿತು. ಅಕ್ಕ ಎದ್ದಿದ್ದಳು, ಒಂದು ಕಾಲು ಆಗಲೇ ಚಪ್ಪಲಿಯೊಳಗಿತ್ತು.

"ಊಟ?" ಎಂದರು ಭಾವ.

"ಬಂದೆ, ಬಂದೆ," ಎನ್ನುತ್ತಾ ಅವಳು ಮೆಟ್ಟಿಲಿಳಿದು ಹೋದಳು.