ಗುಡಿಯ ನಂಬರಿನ ಮನೆ

ನನಗೆ ಸಿಟ್ಟು ಜಾಸ್ತಿ. ಚಿತ್ರದುರ್ಗದ ನಮ್ಮ ಕಚೇರಿಯಲ್ಲಿ ಇದು ಎಲ್ಲರಿಗೂ ಗೊತ್ತು. ಒಂದೇ ಕಾಗದವನ್ನು ನಾಲ್ಕು ಕಿಟಕಿಯಲ್ಲಿ ಕೇಳುವುದನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ. ರಾಮಗಿರಿಯಿಂದ ಹೊಳಲ್ಕೆರೆಗೆ ನಮ್ಮವ್ವ ಒಂದು ಆದಾಯ ಪತ್ರಕ್ಕಾಗಿ ಐದು ಸಲ ಅಲೆದದ್ದನ್ನು ನೋಡಿ ಬೆಳೆದವಳು ನಾನು. ಹಾಗಾಗಿ ಇಲಾಖೆಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಹಬ್ಬವೇ ಆಯಿತು. ಅದಕ್ಕೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅಂತ ದೊಡ್ಡ ಹೆಸರು. ಒಳಗಿರುವುದು ಇಷ್ಟೇ: ಯಾವ ಮಾಹಿತಿ ಯಾರ ಹತ್ತಿರ ಇದೆ, ಅದು ಯಾರಿಗೆ ಬೇಕು ಎಂದು ನಕ್ಷೆ ಬರೆದು, ಜನರ ಬದಲು ಮಾಹಿತಿಯನ್ನು ಓಡಾಡಿಸುವುದು. ಹಳೇ ಕ್ಯಾಲೆಂಡರುಗಳ ಹಿಂಬದಿಯಲ್ಲಿ ನಾನು ಆ ನಕ್ಷೆ ಬರೆದು ಗೋಡೆಗೆ ಅಂಟಿಸಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ಜೋಡಣೆ ಮುಗಿಯಿತು. ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕುವ ಮಕ್ಕಳು ಆಮೇಲೆ ಒಂದೂ ಜೆರಾಕ್ಸ್ ತರಬೇಕಾಗಲಿಲ್ಲ. ಆ ವರ್ಷ ಯಾರಿಂದಲೂ ದೂರು ಬರಲಿಲ್ಲ. ದೂರಿಲ್ಲ ಅಂದರೆ ಕೆಲಸ ಗೆದ್ದಿದೆ ಎಂದು ವರದಿ ಬರೆದೆ. ಶಹಬ್ಬಾಸ್ ಅನ್ನಿಸಿಕೊಂಡೆ, ಸುಳ್ಳೇಕೆ ಹೇಳಲಿ, ಬಹಳ ಬೀಗಿದೆ.

ಈ ವರ್ಷ ಅರ್ಜಿಯ ಕೊನೇ ದಿನಕ್ಕೆ ಇನ್ನು ಐದು ದಿನ ಇದ್ದಾಗ ಒಬ್ಬ ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಬಂದ. ಹೊಸದುರ್ಗ ತಾಲ್ಲೂಕಿನಲ್ಲಿ, ಶ್ರೀರಾಂಪುರದ ಆಚೆ ಒಂದು ಕುರಿಗಾರರ ಹಟ್ಟಿ ಅವರದು. ಹುಡುಗಿಯ ಅಪ್ಪ ಅವ್ವ ಹಿರಿಯೂರಿನ ಆದಿವಾಲದ ಕಡೆ ಹೊಲಗಳಲ್ಲಿ ಮಂದೆ ನಿಲ್ಲಿಸಿಕೊಂಡಿದ್ದರು. ಅವಳಿಗೆ ಚಿತ್ರದುರ್ಗದಲ್ಲಿ ಪಿಯುಸಿ ಓದುವ ಆಸೆ. ಹಾಸ್ಟೆಲ್ ಸಿಕ್ಕರೆ ಓದು, ಸಿಗದಿದ್ದರೆ ಕುರಿ ಹಿಂದೆ ಬಾ ಎಂದು ಅಪ್ಪ ಹೇಳಿಬಿಟ್ಟಿದ್ದನಂತೆ. ಅರ್ಜಿ ಹಾಕಿದರೆ ಕಂಪ್ಯೂಟರು, ನಿಮ್ಮ ಕುಟುಂಬಕ್ಕೆ ಸೀಟು ಈಗಾಗಲೇ ನೀಡಲಾಗಿದೆ ಎಂದಿತ್ತು. ಒಂದು ಮನೆಗೆ ಒಂದೇ ಸೀಟು ಎಂಬ ನಿಯಮ ಇತ್ತು.

"ನಮ್ಮನೇಲಿ ಓದೋಳು ನಾನೊಬ್ಳೇ ಮೇಡಂ. ಇನ್ಯಾರಿಗೆ ಕೊಟ್ರಿ?" ಅಂದಳು ಹುಡುಗಿ.

ಅವಳ ಕುಟುಂಬದ ಪುಟ ತೆಗೆದೆ. ಸದಸ್ಯರು ನೂರಕ್ಕೂ ಮೇಲೆ! ಎಲ್ಲರ ವಿಳಾಸವೂ ಒಂದೇ ಮನೆ ನಂಬರು. ಯಾವ ಮನೆಯಪ್ಪಾ ಇದು ಎಂದರೆ ಅಜ್ಜ, ಅದು ನಮ್ಮ ಗುಡಿ ನಂಬರು ಎಂದ. ಹೊಸದುರ್ಗದಲ್ಲಿ ಹಟ್ಟಿಯವರ ಕುಟುಂಬದ ಫಾರಂ ತುಂಬಿದ್ದ ಆಪರೇಟರನಿಗೆ ಫೋನ್ ಹಚ್ಚಿ, ತಲೆ ನೆಟ್ಟಗಿದೆಯೇನ್ರಿ ಎಂದು ಬಾಯಿಗೆ ಬಂದಂತೆ ಬೈದೆ. ಆತ ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಹೇಳಿದ. ಹಟ್ಟಿಯ ಮನೆಗಳಿಗೆ ನಂಬರೇ ಇರಲಿಲ್ಲ, ನಂಬರು ಇದ್ದದ್ದು ಗುಡಿಗೆ ಮಾತ್ರ. ಆ ಜಾಗ ಖಾಲಿ ಬಿಟ್ಟರೆ ಫಾರಂ ಮುಂದೆ ಹೋಗುತ್ತಿರಲಿಲ್ಲ. ಜನ ಕೂಲಿ ಬಿಟ್ಟು ಬಂದು ಸಾಲಿನಲ್ಲಿ ನಿಂತಿದ್ದರು. ಅದಕ್ಕೇ ಎಲ್ಲರಿಗೂ ಗುಡಿಯ ನಂಬರು ಹಾಕಿದ್ದ.

"ಖಾಲಿ ಬಿಡಬಾರ್ದು ಅಂತ ರೂಲ್ ಮಾಡಿದ್ದು ನೀವೇ ಅಲ್ವಾ ಮೇಡಂ?" ಅಂದ.

ಹೌದು, ನಾನೇ. ಒಂದು ವಿಳಾಸದಲ್ಲಿ ಇರುವವರೆಲ್ಲ ಒಂದು ಕುಟುಂಬ ಎಂದು ಜೋಡಣೆಯ ಹೊತ್ತಿನಲ್ಲಿ ಬರೆದವಳೂ ನಾನೇ. ಹಟ್ಟಿಗೆ ಹಟ್ಟಿಯೇ ಒಂದು ಮನೆಯಾಗಿ ಕೂತಿತ್ತು. ಆ ಇಡೀ ಹಟ್ಟಿಯ ಒಂದೇ ಸೀಟು ಹೋದ ವರ್ಷವೇ ಒಬ್ಬ ಹುಡುಗನಿಗೆ ಹೋಗಿತ್ತು.

ಸರ್ವರ್ ಸರಿಯಿಲ್ಲ ಅಂದಿದ್ದರೆ ಅಜ್ಜ ನಂಬುತ್ತಿದ್ದ. ನನಗೆ ನಾಚಿಕೆಯಾಯಿತು, ತಪ್ಪು ನನ್ನದು ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಆತ ಬೈಯಲಿಲ್ಲ. ಗೋಡೆಯ ನಕ್ಷೆಯ ಕಡೆ ಕೈ ತೋರಿಸಿದ.

"ನಾವು ಎರಡು ಮಂದೆ ಕೂಡಿಸೋಕೆ ಮುಂಚೆ ಕುರಿಗೆ ಕಿವಿಗುರುತು ಹಾಕ್ತೀವಿ ಕಣವ್ವ. ನೀವು ಮೊದ್ಲು ಕೂಡ್ಸಿ, ಆಮ್ಯಾಲೆ ಕಿವಿ ಹುಡುಕ್ತಿದೀರಲ್ಲ."

ನಾನು ಎಷ್ಟೊಂದು ತರಬೇತಿಗೆ ಹೋಗಿ ಬಂದಿದ್ದೆ. ಈ ಮಾತನ್ನು ಅಲ್ಲಿ ಯಾರೂ ಹೀಗೆ ಹೇಳಿರಲಿಲ್ಲ.

ಹುಡುಗಿ ಒಬ್ಬಳನ್ನೇ ಬೇರೆ ಮಾಡಲು ನೋಡಿದೆ. ವಿಳಾಸ ಅದೇ ಇತ್ತಲ್ಲ, ಮರುದಿನ ಬೆಳಗ್ಗೆ ಕಂಪ್ಯೂಟರು ಅವಳನ್ನು ಮತ್ತೆ ಗುಡಿಗೇ ಸೇರಿಸಿತ್ತು. ಹಟ್ಟಿಯ ಅಷ್ಟೂ ಮನೆಗಳನ್ನು ಬಿಡಿಸದೆ ದಾರಿಯಿರಲಿಲ್ಲ. ಸಾಹೇಬರ ಮುಂದೆ ಹೋಗಿ ನಿಂತೆ. ಅವರು, ಮುಂದಿನ ತಿಂಗಳ ಮೀಟಿಂಗಿನಲ್ಲಿ ಇಡೋಣ, ಆಮೇಲೆ ಎಲ್ಲಾ ಹಟ್ಟಿಗಳದ್ದೂ ಒಟ್ಟಿಗೆ ಮಾಡೋಣ ಎಂದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು ಸರ್, ಸೀಟಿನ ಕೊನೇ ದಿನ ಮೀಟಿಂಗಿಗೆ ಕಾಯೋದಿಲ್ಲ ಎಂದೆ. ತಪ್ಪು ನನ್ನದೆಂದು ಬರೆದು ಸಹಿ ಹಾಕಿದ ಕಾಗದವನ್ನು ಮೇಜಿನ ಮೇಲಿಟ್ಟೆ, ಅವರು ಒಪ್ಪಿಗೆ ಕೊಡುವವರೆಗೂ ಅಲ್ಲಾಡಲಿಲ್ಲ. ಕೊನೆಗೆ ಎರಡು ದಿನ ಕೊಟ್ಟರು.

ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಹೊಸದುರ್ಗದಲ್ಲಿ ಆಪರೇಟರ್ ಜೊತೆಯಾದ. ಬೈದದ್ದಕ್ಕೆ ಕ್ಷಮಿಸಿ ಎಂದೆ, ಇರ್ಲಿ ಬಿಡ್ರಿ ಎಂದು ಕಿಟಕಿಯ ಕಡೆ ತಿರುಗಿದ. ಹಟ್ಟಿಯಲ್ಲಿ ಹುಡುಗಿ ಮುಂದೆ, ನಾವು ಹಿಂದೆ. ಯಾವುದನ್ನು ಒಂದು ಮನೆ ಅನ್ನಬೇಕು ಎಂದು ಅಜ್ಜನನ್ನೇ ಕೇಳಿದೆ. ಒಲೆ ಒಂದಾದರೆ ಮನೆ ಒಂದು ಎಂದ. ಹಾಗೇ ಒಲೆ ಲೆಕ್ಕ ಹಿಡಿದು ಒಂದೊಂದು ಒಲೆಗೂ ಒಂದೊಂದು ಗುರುತಿನ ನಂಬರು ಕೊಟ್ಟೆವು. ಮಂದೆಯ ಜೊತೆ ಹೋದವರಿಗೆ ಹುಡುಗಿ ಫೋನ್ ಮಾಡಿ ಕೇಳಿದಳು. ಮೊದಲ ದಿನವೇ ಅವಳ ಮನೆ ಬೇರೆಯಾಯಿತು, ಅರ್ಜಿಯನ್ನು ಕಂಪ್ಯೂಟರು ತೆಗೆದುಕೊಂಡಿತು. ಮರುದಿನ ಬೆಳಗ್ಗೆಯೂ ಅವಳು ಗುಡಿಗೆ ವಾಪಸ್ ಹೋಗಿರಲಿಲ್ಲ.

ಎರಡನೇ ದಿನ ಕೊನೆಯ ಸಾಲಿನ ಒಂದು ಮನೆ. ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗಿ ನಮ್ಮ ಹುಡುಗಿಗಿಂತ ಒಂದು ವರ್ಷ ದೊಡ್ಡವಳು. ನಾವು ಬಂದ ಕಾರಣ ಕೇಳಿ ಕೈ ಒರೆಸಿಕೊಂಡು ಎದ್ದು ನಿಂತಳು.

"ಹೋದ ವರ್ಷ ನಂಗೂ ಹಿಂಗೇ ಮೆಸೇಜ್ ಬಂದಿತ್ತು ಮೇಡಂ. ದೊಡ್ಡಪ್ಪನ ಮಗನಿಗೆ ಸೀಟ್ ಆಗಿತ್ತಲ್ಲ, ಅಪ್ಪನೇ ನಂದನ್ನ ಅವ್ನಿಗೆ ಬಿಟ್ಕೊಟ್ಟೈತೆ ಅಂದ್ಕಂಡೆ. ಅವತ್ತಿಂದ ಅಪ್ಪನ ತಾವ ಸರಿಯಾಗಿ ಮಾತಾಡಿಲ್ಲ."

ದೂರು ಬಂದಿಲ್ಲ ಎಂದು ವರದಿ ಬರೆದಿದ್ದೆನಲ್ಲ, ಆ ದೂರು ಒಂದು ವರ್ಷ ಈ ಮನೆಯೊಳಗೇ ಇತ್ತು. ಸಿಟ್ಟು ಮಾಡಲು ಅಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ನಿನ್ನ ಅಪ್ಪ ಏನೂ ಮಾಡಿಲ್ಲ ಕಣಮ್ಮ, ಮಾಡಿದ್ದು ನಾನು ಎಂದೆ. ಅವಳು ಈಗ ಹಾಕಿದರೆ ಬರುತ್ತದಾ ಎಂದು ಕೇಳಿದಳು. ನೀನು ಹೇಳು, ನಾನು ಬರೆಯುತ್ತೇನೆ ಎಂದು ಗುಡಿಯ ಕಟ್ಟೆಯ ಮೇಲೆ ಕೂತೆ, ಸಿಗ್ನಲ್ ಬರುತ್ತಿದ್ದದ್ದು ಅಲ್ಲೇ. ಕುಟುಂಬದ ಸದಸ್ಯರು ನಾಲ್ಕು ಎಂದು ಬಂತು. ಅರ್ಜಿ ಹೋಯಿತು.

ಆಮೇಲೆ ಇಬ್ಬರಿಗೂ ಸೀಟು ಸಿಕ್ಕಿತು. ಉಳಿದ ಹಟ್ಟಿಗಳನ್ನೂ ಒಂದೊಂದಾಗಿ ಮಾಡುತ್ತಿದ್ದೇನೆ. ಜಿಲ್ಲೆಯ ಆರೂ ತಾಲ್ಲೂಕು ಮುಗಿಯುವವರೆಗೆ ಬಿಡುವವಳಲ್ಲ. ದೂರು ಬಾರದ ಊರಿಗೆ ಈಗ ಮೊದಲು ಹೋಗುತ್ತೇನೆ.

ಅವತ್ತು ಗುಡಿಯ ಕಟ್ಟೆಯಿಂದ ಅರ್ಜಿ ಹೋದ ಮೇಲೆ ಕೊನೆಯ ಸಾಲಿನ ಆ ಹುಡುಗಿ ನನ್ನ ಫೋನ್ ಕೇಳಿದಳು. ಅವಳ ಅಪ್ಪನೂ ಆದಿವಾಲದ ಹೊಲದಲ್ಲಿ ಮಂದೆಯ ಜೊತೆಗಿದ್ದ, ಅವನೇ ಎತ್ತಿದ. ಆ ಕಡೆಯಿಂದ ಕುರಿಗಳ ಸದ್ದು ಕೇಳುತ್ತಿತ್ತು. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಅಪ್ಪಾ," ಅಂದಳು, "ಅದು ನೀನಲ್ಲಂತೆ."