ನಿರ್ಣಯಮ್ಮ ನಡೆಸಿದ ಸಭೆ

ಆ ವಸತಿ ಸಮುಚ್ಚಯದವರು ಎದುರಿಗೆ ಅವಳನ್ನು ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ನಿರ್ಣಯಮ್ಮ ಅನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ಎರಡರಿಂದಲೂ ಅವಳಿಗೆ ಏನೂ ಆಗುತ್ತಿರಲಿಲ್ಲ. ಮನೆಗಳು ಮಾಲೀಕರವು, ಸಂಘವೂ ಅವರದೇ. ಲಿಫ್ಟು ಕೆಟ್ಟರೆ, ತೊಟ್ಟಿ ಸೋರಿದರೆ, ಮೇಲಿನವರ ನಾಯಿ ಕೆಳಗಿನವರ ನಿದ್ದೆ ಕೆಡಿಸಿದರೆ ತಲೆನೋವು ಮಾತ್ರ ಗುತ್ತಿಗೆ ಹಿಡಿದ ನಿರ್ವಹಣಾ ಕಂಪನಿಯದು. ಆ ಕಂಪನಿಯ ಆಫೀಸು ಎಲ್ಲೋ ದೂರದಲ್ಲಿತ್ತು. ಇಲ್ಲಿ ಕಣ್ಣಿಗೆ ಕಾಣುವ ಕಂಪನಿ ಅಂದರೆ ನೆಲಮಾಳಿಗೆಯ ಮೀಟರ್ ಕೋಣೆಯ ಪಕ್ಕ, ಕಿಟಕಿಯಿಲ್ಲದ ಗೂಡಿನಲ್ಲಿ ಮ್ಯಾನೇಜರ್ ಅಂತ ಕೂತ ಇವಳೇ.

ನಿಜ ಹೇಳಬೇಕೆಂದರೆ ಇಂಥ ಕಂಪನಿಗಳನ್ನು ಜನ ಇಟ್ಟುಕೊಳ್ಳುವುದು ನೆಲ ಒರೆಸಲಿಕ್ಕಲ್ಲ. ದಿನಾ ಮುಖ ನೋಡಬೇಕಾದ ಅಕ್ಕಪಕ್ಕದವರನ್ನು ಬೈಯಲಾಗದೆ ಮೂರನೆಯವರನ್ನು ಬೈಯಲಿಕ್ಕೆ. ಬೈಗುಳ ಅವಳ ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಅದರ ಜೊತೆಗೆ ಇನ್ನೂ ಎಷ್ಟೋ ಸಂಗತಿಗಳು ಇಳಿಯುವುದು ನಿಂತುಹೋಗಿತ್ತು. ಗಂಡ ನಷ್ಟದ ಅಂಗಡಿಯನ್ನು ಕೊನೆಗೂ ಮುಚ್ಚಿ ಬೀಗದ ಕೈ ಮೇಜಿನ ಮೇಲಿಟ್ಟ ದಿನ ಅವಳು "ಸರಿ, ಗಮನಕ್ಕೆ ಬಂತು" ಅಂದಿದ್ದಳಂತೆ. ಅತ್ತೆ ಅದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಗಂಡ ನಗುತ್ತಿರಲಿಲ್ಲ.

ಅವಳಿಗೆ ಹೆಮ್ಮೆ ಅಂತ ಉಳಿದಿದ್ದರೆ ಅದು ಮಾಲೀಕರ ವಾರ್ಷಿಕ ಸಭೆಯ ಬಗ್ಗೆ. ಅವಳು ಬಂದ ಹೊಸತರಲ್ಲಿ ಆ ಸಭೆಯಲ್ಲಿ ಓದುಬರಹ ಬಲ್ಲ ದೊಡ್ಡ ಮನುಷ್ಯರು ಕಾರು ನಿಲ್ಲಿಸುವ ಜಾಗಕ್ಕಾಗಿ ಕೊರಳಪಟ್ಟಿ ಹಿಡಿದು ಎಳೆದಾಡುತ್ತಿದ್ದರು. ಅವಳು ಅದಕ್ಕೊಂದು ಮದ್ದು ಕಂಡುಹಿಡಿದಳು. ತಲೆ ಎತ್ತದೆ, ಏರಿಳಿತವಿಲ್ಲದ ದನಿಯಲ್ಲಿ ನಿರ್ಣಯ ಓದುವುದು, ಉಸಿರು ಬಿಡದೆ "ಆಕ್ಷೇಪಣೆ ಇಲ್ಲ ತಾನೇ? ಕೈ ಎತ್ತಿ" ಅನ್ನುವುದು. ಜನ ಕೈ ಎತ್ತುತ್ತಿದ್ದರು. ಟೀ ಆರುವುದರೊಳಗೆ ಸಭೆ ಮುಗಿಯುತ್ತಿತ್ತು, ಎಲ್ಲರೂ ಮನೆ ಸೇರುತ್ತಿದ್ದರು.

ಈ ಸಲ ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದಿದ್ದ. ಬೇರೆ ಕಂಪನಿ ತರೋಣ, ದೂರು ದುಮ್ಮಾನವೆಲ್ಲ ಮೊಬೈಲಿನಲ್ಲೇ ಆಗಲಿ ಅಂತ ಅವನ ಆಸೆ. ಸಭೆಯಲ್ಲಿ ಓದಲು ಆ ನಿರ್ಣಯವನ್ನು ಅವಳ ಕೈಗೇ ಕೊಟ್ಟ.

"ಮೇಡಂ, ಮನಸ್ಸಿಗೆ ಹಚ್ಕೋಬೇಡಿ."

"ಇಲ್ಲ ಸರ್."

ಕಂಪನಿಯ ಮೇಲಧಿಕಾರಿ ಫೋನಿನಲ್ಲಿ ಹೇಳಿದ: "ಅಲ್ಲಿ ಗುತ್ತಿಗೆ ಹೋದ್ರೆ ನಿಮಗೆ ಕೊಡೋಕೆ ನನ್ನ ಹತ್ರ ಬೇರೆ ಬಿಲ್ಡಿಂಗ್ ಇಲ್ಲ. ನಾಲ್ಕು ಜನ ಮಾಲೀಕರ ಹತ್ರ ಮಾತಾಡಿ ಇಟ್ಕೊಳ್ಳಿ."

ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಿಂದಲೇ. ಆದರೂ ಅವಳು ಯಾರ ಹತ್ತಿರವೂ ಮಾತಾಡಲಿಲ್ಲ. ಬಿಗುಮಾನವೇನೂ ಅಲ್ಲ. ತನಗಾಗಿ ಬಾಯಿ ಬಿಟ್ಟು ಕೇಳುವುದು ಹೇಗೆಂಬುದೇ ಮರೆತುಹೋಗಿತ್ತು. ಓದಿದಾಗ ಒಬ್ಬರಾದರೂ ಎದ್ದು ನಿಂತು ಯಾಕೆ ಅಂತ ಕೇಳುತ್ತಾರೆ ಅಂದುಕೊಂಡಳು. ಬೇರೆ ಯಾರು ಕೇಳದಿದ್ದರೂ ಮೂರನೇ ಮಹಡಿಯ ಅಜ್ಜಿ ಕೇಳುತ್ತಾರೆ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೂತಿದ್ದವಳು ಇವಳೇ.

ಭಾನುವಾರ ಬೆಳಗ್ಗೆ ಕುರ್ಚಿ ಹಾಕಿ ಕಾದಳು. ಬಂದವರ ಸಂಖ್ಯೆ ಕೋರಂಗೆ ಸಾಲದು. ಕೋರಂ ಇಲ್ಲದಿದ್ದರೆ ಸಭೆ ರದ್ದಾಗುತ್ತದೆ, ಹಳೆಯ ಗುತ್ತಿಗೆ ಇನ್ನೊಂದು ವರ್ಷ ತಾನಾಗಿ ಮುಂದುವರಿಯುತ್ತದೆ. ಕಾವಲಿನವನು ಹತ್ತಿರ ಬಂದು ಪಿಸುಗುಟ್ಟಿದ: "ಮೇಡಂ, ಸುಮ್ನೆ ಕೂತ್ಕೊಂಡ್ಬಿಡಿ. ಸಭೆನೇ ಆಗಲ್ಲ."

ಅವಳಿಗೂ ಅದು ತಿಳಿಯದೇನಲ್ಲ. ಆದರೆ ಜನ ಬಾರದಿದ್ದರೆ ಹೋಗಿ ಕರೆಯುವುದು ಅವಳ ಕೆಲಸ. ಕಾಲುಗಳು ತಾವಾಗಿಯೇ ಮೆಟ್ಟಿಲು ಹತ್ತಿದವು. ಬಾಗಿಲು ಬಾಗಿಲು ತಟ್ಟಿ ಕರೆದಳು. ಅಜ್ಜಿ ಶಾಲು ಹೊದ್ದು, "ನೀನು ಕರೆದ್ಮೇಲೆ ಬರ್ದೆ ಇರ್ತೀನಾ" ಅನ್ನುತ್ತ ಅವಳ ತೋಳು ಹಿಡಿದು ಇಳಿದು ಬಂದರು. ಕೋರಂ ತುಂಬಿತು.

ಗೋಡೆಗೆ ಬಣ್ಣ ಬಳಿಯುವ ನಿರ್ಣಯ ಪಾಸಾಯಿತು, ತೊಟ್ಟಿ ತೊಳೆಸುವುದೂ ಪಾಸಾಯಿತು. ಮೂರನೆಯದು ಬಂತು. "ಹಾಲಿ ನಿರ್ವಹಣಾ ಕಂಪನಿಯ ಗುತ್ತಿಗೆಯನ್ನು ಕೊನೆಗೊಳಿಸಿ, ಹೊಸ ಕಂಪನಿಯನ್ನು ನೇಮಿಸಿಕೊಳ್ಳಲು ತೀರ್ಮಾನಿಸಲಾಗಿದೆ." ಇಲ್ಲಿ ಒಂದು ಗಳಿಗೆ ನಿಲ್ಲಬೇಕು ಅಂದುಕೊಂಡಿದ್ದಳು. ನಾಲಿಗೆ ನಿಲ್ಲಲಿಲ್ಲ. "ಆಕ್ಷೇಪಣೆ ಇಲ್ಲ ತಾನೇ? ಕೈ ಎತ್ತಿ."

ಎಣಿಸಲು ತಲೆ ಎತ್ತಿದಳು. ಎಲ್ಲರಿಗಿಂತ ಮೊದಲು ಎದ್ದಿದ್ದದ್ದು ಅಜ್ಜಿಯ ಕೈ. ಹಿಂದೆ ಮಿಕ್ಕವರವು. ಒಬ್ಬರ ಕಣ್ಣು ಮೊಬೈಲಿನಲ್ಲಿತ್ತು, ಇನ್ನೊಬ್ಬರು ಬಿಸ್ಕತ್ತು ಹಿಡಿದ ಕೈಯನ್ನೇ ಎತ್ತಿದ್ದರು. ಅವಳು ಎಣಿಸಿ ಬರೆದುಕೊಂಡು ಮುಂದಿನದನ್ನು ಓದಿದಳು.

ಸಭೆ ಮುಗಿದ ಮೇಲೆ ಅಜ್ಜಿ ಮತ್ತೆ ತೋಳು ಹಿಡಿದರು.

"ಬೇಗ ಮುಗಿಸ್ದೆ ನೋಡು. ಬರೋ ತಿಂಗಳು ನಮ್ಮ ಗೀಸರ್ ಒಂದು ರಿಪೇರಿ ಮಾಡಿಸ್ಕೊಡು, ಮರೀಬೇಡ."

"ಬರೋ ತಿಂಗಳು ಬೇರೆಯವರು ಇರ್ತಾರೆ ಅಜ್ಜಿ."

"ಯಾಕೆ, ನೀನೆಲ್ಲಿಗೆ ಹೋಗ್ತೀಯಾ?"

"ನನ್ನ ಕೆಲಸ ಹೋಯ್ತು. ಈಗ ತಾನೆ ನೀವೆಲ್ಲ ಕೈ ಎತ್ತಿದ್ರಲ್ಲ."

ಅಜ್ಜಿ ನಿಂತುಬಿಟ್ಟರು. "ಅಯ್ಯೋ ಮಗಳೇ! ಮೊದಲೇ ಒಂದು ಮಾತು ಹೇಳಬಾರದಿತ್ತಾ?"

"ಓದಿದೆನಲ್ಲ ಅಜ್ಜಿ."

"ನೀನು ಓದೋದನ್ನ ಯಾರೇ ಕೇಳ್ತಾರೆ? ಓದ್ತಾ ಇರೋಳು ನೀನು, ಅಂದ್ಮೇಲೆ ಸರಿಯಾಗೇ ಇರುತ್ತೆ ಅಂತ ಕೈ ಎತ್ತೋದು!"

ಇಷ್ಟು ವರ್ಷದಲ್ಲಿ ಆ ಕಟ್ಟಡದಲ್ಲಿ ಯಾರೂ ಅವಳ ಬಗ್ಗೆ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ. ಅವಳು "ಸರಿ" ಅಂದಳು. ಅಜ್ಜಿಯನ್ನು ಲಿಫ್ಟಿನವರೆಗೆ ನಡೆಸಿಕೊಂಡು ಹೋದಳು. ಆಮೇಲೆ ತನ್ನ ಗೂಡಿಗೆ ಇಳಿದು, ಬರುವವರಿಗೆಂದು ಪುಸ್ತಕದಲ್ಲಿ ಬರೆದಿಟ್ಟಳು: ಮೂರನೇ ಮಹಡಿ, ಗೀಸರ್ ರಿಪೇರಿ.